ನಕ್ಷೆಯಲ್ಲಿ ಹೆಸರಿಲ್ಲದವರು

(ಸಂಸ್ಥೆಯ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ನಿವೃತ್ತ ಭೂಗೋಳ ಉಪನ್ಯಾಸಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಶಿಕ್ಷಣದ ಮಹತ್ವದ ಬಗ್ಗೆ ಮಾತನಾಡಬೇಕೆಂದು ಸಂಘಟಕರು ಹೇಳಿದ್ದರು. ಆ ವಿಷಯದ ಮೇಲೆ ಈ ವೇದಿಕೆಯಲ್ಲಿ ಪ್ರತಿವರ್ಷವೂ ಒಬ್ಬರಲ್ಲ ಒಬ್ಬರು ಮಾತನಾಡುತ್ತಾರೆ. ನೀವೂ ಕೇಳಿದ್ದೀರಿ, ನಾನೂ ಕೇಳಿದ್ದೇನೆ. ಆದ್ದರಿಂದ ಇಂದು ನಾನು ಉಪದೇಶದ ಬದಲು ಒಂದು ಹಳೆಯ ಕಾಗದವನ್ನು ತಂದಿದ್ದೇನೆ. ಇದರ ಕಥೆ ಹೇಳುತ್ತೇನೆ. ನನ್ನದೊಂದು ತಪ್ಪೂ ಈ ಕಥೆಯಲ್ಲಿದೆ, ಅದನ್ನೂ ಹೇಳುತ್ತೇನೆ.

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ದ್ವಿತೀಯ ಪಿಯುಸಿಯ ಒಬ್ಬ ಹುಡುಗ ತರಗತಿ ಮುಗಿದ ಮೇಲೆ ನನ್ನ ಮೇಜಿನ ಬಳಿ ಬಂದು ನಿಂತ. ಅವನ ತಂದೆಗೆ ಪೇಟೆಯಲ್ಲಿ ಗುಜರಿ ಅಂಗಡಿ. ಮಲೆನಾಡಿನ ಕಾಫಿ ತೋಟದ ಹಳೆಯ ಬಂಗಲೆಯೊಂದನ್ನು ಖಾಲಿ ಮಾಡಿದಾಗ ಬಂದ ರದ್ದಿಯ ನಡುವೆ ಬಟ್ಟೆಗೆ ಅಂಟಿಸಿದ ದೊಡ್ಡದೊಂದು ನಕ್ಷೆ ಸಿಕ್ಕಿತ್ತು. ತಂದೆ ಅದನ್ನು ತೂಕಕ್ಕೆ ಹಾಕುವ ಮೊದಲು ಮಗ ಎತ್ತಿಟ್ಟುಕೊಂಡಿದ್ದ. "ಸರ್, ನೀವು ಪ್ರಾಕ್ಟಿಕಲ್‌ನಲ್ಲಿ ತೋರಿಸುವ ಟೋಪೋಶೀಟ್‌ನಂತೆಯೇ ಇದೆ. ಆದರೆ ಇದರಲ್ಲಿ ಊರೇ ಇಲ್ಲ. ಎಲ್ಲ ಗೆರೆಗಳೇ" ಎಂದ.

ಬಿಚ್ಚಿ ನೋಡಿದೆ. ಅದು ಕಾರಕೋರಂ ಪರ್ವತಗಳ ನಕ್ಷೆ. ಕಾಶ್ಮೀರ ಕಣಿವೆಯಿಂದಲೂ ಉತ್ತರಕ್ಕೆ, ಬಾಲ್ಟಿಸ್ತಾನದ ಆಚೆ, ಹಿಮನದಿಗಳಲ್ಲದೆ ಬೇರೇನೂ ಇಲ್ಲದ ಸೀಮೆ. ಒಂದು ಅಂಗುಲಕ್ಕೆ ನಾಲ್ಕು ಮೈಲಿ, ಅಂದರೆ ನೆಲದ ಮೇಲಿನ 2,53,440 ಅಂಗುಲ ಕಾಗದದ ಮೇಲೆ ಒಂದೇ ಅಂಗುಲ. ಮುದ್ರಣ ಇಪ್ಪತ್ತನೆಯ ಶತಮಾನದ್ದು, ಆದರೆ ಅದರ ಬುನಾದಿ 1855ರಿಂದ 1864ರವರೆಗೆ ನಡೆದ ಕಾಶ್ಮೀರ ಸರ್ವೆ.

ಅಂದಿನಿಂದ ವಾರಕ್ಕೆರಡು ದಿನ ಸಂಜೆ ನಾವಿಬ್ಬರೂ ಆ ನಕ್ಷೆಯ ಮುಂದೆ ಕೂರುತ್ತಿದ್ದೆವು. ಕಂದು ಬಣ್ಣದ ಸಮೋನ್ನತಿ ರೇಖೆಗಳನ್ನು ಅವನು ಬೆರಳಿನಿಂದ ಹಿಂಬಾಲಿಸುತ್ತಿದ್ದ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಇಳಿಜಾರು, ದೂರ ದೂರ ಇದ್ದರೆ ಮಟ್ಟಸ ಜಾಗ, ಇಷ್ಟು ಹೇಳಿಕೊಟ್ಟರೆ ಸಾಕಾಯಿತು. ಒಂದು ತಿಂಗಳಲ್ಲಿ ಅವನು ಕಾಗದ ನೋಡಿ ಯಾವ ಕಣಿವೆಯಲ್ಲಿ ನಡೆಯಬಹುದು, ಎಲ್ಲಿ ಹತ್ತಲಾಗದು ಎಂದು ಹೇಳುತ್ತಿದ್ದ. ಮೂವತ್ತು ವರ್ಷ ಪಾಠ ಮಾಡಿದ ನಾನು ಅಷ್ಟು ಬೇಗ ನಕ್ಷೆ ಓದಿದ ಮತ್ತೊಬ್ಬ ವಿದ್ಯಾರ್ಥಿಯನ್ನು ಕಂಡಿಲ್ಲ.

ನಕ್ಷೆಯ ಒಂದು ಕಡೆ ಪುಟ್ಟದೊಂದು ತ್ರಿಕೋನ, ಪಕ್ಕದಲ್ಲಿ ಕೆ2 ಎಂಬ ಹೆಸರು, 28,250 ಎಂಬ ಅಂಕಿ. ಲೋಕದ ಎರಡನೆಯ ಅತಿ ಎತ್ತರದ ಶಿಖರ. ಹುಡುಗ ಕೇಳಿದ: "ಇದನ್ನು ಯಾರು ಸರ್ ಹತ್ತಿ ಅಳೆದದ್ದು?"

ಯಾರೂ ಹತ್ತಲಿಲ್ಲ. ಕೆ2 ತುದಿಗೆ ಮನುಷ್ಯ ಕಾಲಿಟ್ಟದ್ದು 1954ರ ಜುಲೈ 31ರಂದು, ಇಟಲಿಯ ತಂಡ. ಆದರೆ 1856ರಲ್ಲೇ ತಾಮಸ್ ಮಾಂಟ್‌ಗೊಮೆರಿ ಎಂಬ ಅಧಿಕಾರಿ ಕಾಶ್ಮೀರದ ಹರಮುಖ್ ಬೆಟ್ಟದ ಮೇಲೆ ಉಪಕರಣ ಹೂಡಿ, 200 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ ಎದ್ದು ಕಾಣುತ್ತಿದ್ದ ಎರಡು ಶಿಖರಗಳನ್ನು ಗುರುತಿಸಿದ್ದ. ಕಾರಕೋರಂನ ಮೊದಲ ಅಕ್ಷರದಿಂದ ಕೆ1, ಕೆ2 ಎಂದು ಬರೆದುಕೊಂಡ. ಸ್ಥಳೀಯರ ಹೆಸರನ್ನೇ ಉಳಿಸಬೇಕೆಂಬುದು ಸರ್ವೆಯವರ ಪದ್ಧತಿ. ಕೆ1ಕ್ಕೆ ಮಾಶರ್‌ಬ್ರುಮ್ ಎಂಬ ಹೆಸರು ಸಿಕ್ಕಿತು. ಕೆ2 ಊರುಗಳಿಗೆ ಕಾಣದಷ್ಟು ಒಳಗಿತ್ತು. ಹೀಗೆ ತಾತ್ಕಾಲಿಕವಾಗಿ ಗೀಚಿದ ಗುರುತೇ ಅದಕ್ಕೆ ಹೆಸರಾಗಿ ನಿಂತಿತು.

ಹತ್ತದೆ ಅಳೆಯುವುದು ಹೇಗೆ? ಮಕ್ಕಳೇ, ನೀವು ಒಂಬತ್ತು ಹತ್ತನೆಯ ತರಗತಿಯಲ್ಲಿ ಕಲಿಯುವ ತ್ರಿಕೋನದ ಲೆಕ್ಕವೇ ಇದಕ್ಕೆ ಆಧಾರ. ನೆಲದ ಮೇಲೆ ಒಂದು ಗೆರೆಯನ್ನು ಸರಪಳಿ ಹಿಡಿದು ಬಹಳ ಎಚ್ಚರಿಕೆಯಿಂದ ಅಳೆಯಬೇಕು. ಅದರ ಎರಡು ತುದಿಗಳಿಂದ ದೂರದ ಒಂದು ಗುರುತನ್ನು ನೋಡಿ ಕೋನಗಳನ್ನು ಬರೆದುಕೊಳ್ಳಬೇಕು. ಒಂದು ಬಾಹು, ಎರಡು ಕೋನ ತಿಳಿದರೆ ಉಳಿದ ಎರಡು ಬಾಹುಗಳು ಲೆಕ್ಕದಿಂದ ಬರುತ್ತವೆ. ಆ ಬಾಹುವಿನ ಮೇಲೆ ಮತ್ತೊಂದು ತ್ರಿಕೋನ, ಅದರ ಮೇಲೆ ಇನ್ನೊಂದು. ಹೀಗೆ ದೇಶದ ಉದ್ದಕ್ಕೂ ತ್ರಿಕೋನಗಳನ್ನು ಹೆಣೆದುಕೊಂಡು ಹೋಗಬಹುದು.

ಈ ಹೆಣಿಗೆಯ ಆರಂಭ ಎಲ್ಲಿ ಗೊತ್ತೇ? ನಮ್ಮ ಕರ್ನಾಟಕದಲ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಆ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಮೈಸೂರು ಸೀಮೆಯನ್ನು ಅಳೆಯುವ ಯೋಜನೆ ಮುಂದಿಟ್ಟ. 1800ರಲ್ಲಿ ಬೆಂಗಳೂರಿನ ಬಳಿ ಏಳು ಮೈಲಿಗೂ ಉದ್ದದ ಆಧಾರ ರೇಖೆಯನ್ನು ಅಳೆದ. 1802ರಲ್ಲಿ ಮದರಾಸಿನಲ್ಲಿ ಮತ್ತೊಂದು ಆಧಾರ ರೇಖೆಯಿಂದ ಮಹಾ ತ್ರಿಕೋನಮಿತಿ ಸರ್ವೆ ಶುರುವಾಯಿತು. ಅರ್ಧ ಟನ್ ತೂಕದ ಥಿಯೋಡೊಲೈಟನ್ನು ಆಳುಗಳು ಹೊತ್ತು ಬೆಟ್ಟ ಬೆಟ್ಟ ಏರಿಸಿದರು. ದಕ್ಷಿಣದಲ್ಲಿ ಆರಂಭವಾದ ಆ ತ್ರಿಕೋನಗಳ ಸಾಲು ಅರ್ಧ ಶತಮಾನದಲ್ಲಿ ಹಿಮಾಲಯ ಮುಟ್ಟಿತು. ಮಾಂಟ್‌ಗೊಮೆರಿ ಹರಮುಖ್ ಮೇಲೆ ನಿಂತಾಗ ಅವನ ಬೆನ್ನ ಹಿಂದೆ ಇದ್ದದ್ದು ಈ ಇಡೀ ಲೆಕ್ಕ.

ಇನ್ನೊಂದು ತೊಡಕನ್ನೂ ಹೇಳಬೇಕು. ಭೂಮಿ ದುಂಡಗಿದೆ. ಇನ್ನೂರು ಕಿಲೋಮೀಟರ್ ದೂರದ ವಸ್ತುವನ್ನು ನೋಡುವಾಗ ಭೂಮಿಯ ಬಾಗು ಒಂದರಿಂದಲೇ ಮೂರು ಕಿಲೋಮೀಟರಿಗಿಂತ ಹೆಚ್ಚಿನ ವ್ಯತ್ಯಾಸ ಬರುತ್ತದೆ. ಗಾಳಿಯಲ್ಲಿ ಬೆಳಕು ಬಗ್ಗುವುದರಿಂದ ಇನ್ನೊಂದಷ್ಟು ತಪ್ಪು. ಇದನ್ನೆಲ್ಲ ಕಾಗದ ಲೇಖನಿ ಹಿಡಿದು ತಿದ್ದಬೇಕಿತ್ತು. ಹೀಗೆ ತಿದ್ದಿ ಬಂದ ಅಂಕಿಯೇ ಹಳೆಯ ನಕ್ಷೆಗಳಲ್ಲಿರುವ 28,250 ಅಡಿ. ಇಂದು ನಾವು ಒಪ್ಪಿರುವ ಎತ್ತರ 8,611 ಮೀಟರ್. ಅಡಿಗೆ ಪರಿವರ್ತಿಸಿ ನೋಡಿ, ಒಂದೇ ಅಡಿಯ ವ್ಯತ್ಯಾಸ! ಗಣಿತ ಯಾಕೆ ಕಲಿಯಬೇಕೆಂದು ಕೇಳುವವರಿಗೆ ನಾನು ಈ ಅಂಕಿಯನ್ನು ತೋರಿಸುತ್ತೇನೆ.

ಇಲ್ಲಿಯವರೆಗೆ ನಾನು ಹೇಳಿದ ಹೆಸರುಗಳೆಲ್ಲ ಪುಸ್ತಕಗಳಲ್ಲಿವೆ. ಆದರೆ ಕೋನ ನೋಡಲು ದೂರದ ತುದಿಯಲ್ಲಿ ಯಾರಾದರೂ ಕಂಬ ನೆಡಬೇಕಲ್ಲವೇ? ಆ ಕೆಲಸ ಮಾಡುತ್ತಿದ್ದವರು ಖಲಾಸಿಗಳು. ನಮ್ಮ ಕರಾವಳಿಯವರಿಗೆ ಈ ಪದ ಹೊಸದಲ್ಲ. ಹಡಗಿನಲ್ಲೂ ಖಲಾಸಿಗಳಿದ್ದರು, ಸರ್ವೆಯಲ್ಲೂ ಇದ್ದರು. 1860ರಲ್ಲಿ ಸ್ಪಿತಿ ಸೀಮೆಯ ಶಿಲ್ಲಾ ಎಂಬ ಶಿಖರಕ್ಕೆ ಒಬ್ಬ ಖಲಾಸಿ ಗುರುತಿನ ಕಂಬ ಹೊತ್ತು ಏರಿದ. ಆ ಶಿಖರ 23,050 ಅಡಿ ಎಂದು ಅಂದಿನ ಲೆಕ್ಕ. ಅದರ ಪ್ರಕಾರ, ಮನುಷ್ಯ ಅಲ್ಲಿಯವರೆಗೆ ಏರಿದ ಅತಿ ಎತ್ತರದ ಜಾಗಗಳಲ್ಲಿ ಅದೊಂದು ಎಂದು ಬಹುಕಾಲ ನಂಬಿದ್ದರು. ಮುಂದೆ ಸರಿಯಾಗಿ ಅಳೆದಾಗ ಅದು ಸುಮಾರು 20,000 ಅಡಿ ಎಂದು ತಿಳಿಯಿತು. ತಪ್ಪಾದ ಎತ್ತರವನ್ನು ಸರಿಪಡಿಸಿದರು. ಆ ಖಲಾಸಿಯ ಹೆಸರನ್ನು ಮಾತ್ರ ಯಾರೂ ಬರೆದಿಡಲಿಲ್ಲ.

ಹೆಸರು ಉಳಿದವರೂ ಕೆಲವರಿದ್ದಾರೆ. ಆರ್ಕಾಟ್ ಮೂಲದ ಸೈಯದ್ ಮೀರ್ ಮೊಹ್ಸಿನ್ ಹುಸೇನ್ ಸೂಕ್ಷ್ಮ ಕೈಕೆಲಸ ಬಲ್ಲವರು. ಜಾರ್ಜ್ ಎವರೆಸ್ಟ್‌ನ ಕಾಲದಲ್ಲಿ ಸರ್ವೆಯ ಉಪಕರಣಗಳನ್ನು ಬಿಚ್ಚಿ, ದುರಸ್ತಿ ಮಾಡಿ, ಮತ್ತೆ ನಿಖರವಾಗಿ ಜೋಡಿಸುತ್ತಿದ್ದರು. ಇಂಗ್ಲೆಂಡಿನಿಂದ ಬಂದಿದ್ದ ಉಪಕರಣ ತಯಾರಕ ಕೆಲಸ ಬಿಟ್ಟ ಮೇಲೆ ಆ ಸ್ಥಾನಕ್ಕೆ ಇವರನ್ನೇ ನೇಮಿಸಬೇಕೆಂದು ಎವರೆಸ್ಟ್ ಶಿಫಾರಸು ಮಾಡಿದ. ಶಿಖರಗಳ ಎತ್ತರ ಅಡಿಗೆ ಅಡಿ ಸರಿ ಬರಬೇಕಾದರೆ ಥಿಯೋಡೊಲೈಟಿನ ಚಕ್ರದ ಮೇಲಿನ ಗೆರೆ ಕೂದಲೆಳೆಯಷ್ಟೂ ತಪ್ಪಬಾರದು. ಆ ಗೆರೆಗಳನ್ನು ಕಾಯ್ದ ಕೈಗಳಲ್ಲಿ ಇವರದೂ ಒಂದು.

ಇನ್ನೊಬ್ಬರು ಮುಹಮ್ಮದ್-ಎ-ಹಮೀದ್. ಕೆಲಸದಲ್ಲಿ ಮುನ್ಷಿ, ಅಂದರೆ ಗುಮಾಸ್ತ. ಸ್ವಲ್ಪ ಸರ್ವೆ ಕಲಿತಿದ್ದರು. ಕಾರಕೋರಂನ ಆಚೆಯ ಯಾರ್ಕಂದ್ ಆಗ ಚೀನೀ ಅಧಿಕಾರಿಗಳ ಕೈಯಲ್ಲಿತ್ತು. ಬ್ರಿಟಿಷ್ ಅಧಿಕಾರಿಗಳು ಅಲ್ಲಿಗೆ ಹೋಗುವಂತಿರಲಿಲ್ಲ. ಆದರೆ ಲೇಹ್‌ನಿಂದ ವ್ಯಾಪಾರಿಗಳ ಕಾಫಿಲಾಗಳು ಹೋಗಿ ಬರುತ್ತಿದ್ದವು. 1863ರ ಬೇಸಿಗೆಯಲ್ಲಿ ಮಾಂಟ್‌ಗೊಮೆರಿ ಈ ಮುನ್ಷಿಗೆ ತರಬೇತಿ ಕೊಟ್ಟು ವ್ಯಾಪಾರಿಯಂತೆ ಅವರೊಂದಿಗೆ ಕಳುಹಿಸಿದ. ಸಾಮಾನಿನ ನಡುವೆ ಬಚ್ಚಿಟ್ಟದ್ದು ಜೇಬಿನಲ್ಲಿ ಹಿಡಿಯುವ ಸೆಕ್ಸ್‌ಟಂಟ್, ದಿಕ್ಸೂಚಿಗಳು, ಎರಡು ಗಡಿಯಾರ, ಉಷ್ಣಮಾಪಕಗಳು, ಒಂದು ತಾಮ್ರದ ಪಾತ್ರೆ, ಒಂದು ಎಣ್ಣೆಯ ದೀಪ.

ತಾಮ್ರದ ಪಾತ್ರೆ ಏಕೆ ಎಂದು ಹುಡುಗ ಕೇಳಿದ್ದ. ಚಹಾ ಮಾಡಲು ಎಂದು ನೋಡಿದವರು ಅಂದುಕೊಳ್ಳಬೇಕು. ನಿಜಕ್ಕೂ ಅದು ಎತ್ತರ ಅಳೆಯುವ ಉಪಕರಣ. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗಿ ನೀರು ಬೇಗ ಕುದಿಯುತ್ತದೆ. ಸುಮಾರು 300 ಮೀಟರ್ ಏರಿದರೆ ಕುದಿಯುವ ಬಿಂದು ಒಂದು ಡಿಗ್ರಿ ಇಳಿಯುತ್ತದೆ. ನಮ್ಮ ಕಡಲ ತೀರದಲ್ಲಿ ನೂರು ಡಿಗ್ರಿಗೆ ಕುದಿಯುವ ನೀರು ಲೇಹ್‌ನಲ್ಲಿ ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ಹೀಗೆ ಪ್ರತಿ ಬಿಡಾರದಲ್ಲೂ ನೀರು ಕಾಯಿಸಿ, ಉಷ್ಣಾಂಶ ಬರೆದುಕೊಂಡು, ರಾತ್ರಿ ನಕ್ಷತ್ರ ನೋಡಿ ಅಕ್ಷಾಂಶ ಲೆಕ್ಕ ಹಾಕಿ, ಯಾರಿಗೂ ಅನುಮಾನ ಬಾರದಂತೆ ಆ ಮನುಷ್ಯ ಕಾರಕೋರಂ ಕಣಿವೆಮಾರ್ಗ ದಾಟಿದರು.

ಅವರು ಯಾರ್ಕಂದ್ ತಲುಪಿ ಆ ಚಳಿಗಾಲವನ್ನು ಅಲ್ಲೇ ಕಳೆದರು. ಅಧಿಕಾರಿಗಳಿಗೆ ಸಂಶಯ ಬಂದಿದೆಯೆಂದು ಸುದ್ದಿ ಸಿಕ್ಕಿದಾಗ 1864ರಲ್ಲಿ ಅಲ್ಲಿಂದ ಹೊರಟರು. ಕಠಿಣವಾದ ಮಾರ್ಗವನ್ನೆಲ್ಲ ದಾಟಿ ಲಡಾಖಿನ ಕಡೆಗೆ ಇಳಿದ ಮೇಲೆ, ಇನ್ನೇನು ಮನೆ ಹತ್ತಿರವಾಯಿತು ಎನ್ನುವಾಗ ದಾರಿಯಲ್ಲೇ ತೀರಿಕೊಂಡರು. ಆ ಭಾಗದಲ್ಲಿ ಸರ್ವೆ ಮಾಡುತ್ತಿದ್ದ ವಿಲಿಯಂ ಜಾನ್ಸನ್ ವಿಚಾರಿಸಿ ಅವರ ಕಾಗದಗಳನ್ನು ಪಡೆದ. ಟಿಪ್ಪಣಿಗಳು ಸುರಕ್ಷಿತವಾಗಿದ್ದವು. ಯಾರ್ಕಂದ್ ಭೂಪಟದಲ್ಲಿ ಎಲ್ಲಿದೆ ಎಂಬುದನ್ನು ಸರಿಯಾಗಿ ಹೇಳಲು ಆ ಟಿಪ್ಪಣಿಗಳೇ ನೆರವಾದವು. 1866ರಲ್ಲಿ ಅದರ ಆಧಾರದ ಮೇಲೆ ಲಂಡನ್ನಿನ ರಾಯಲ್ ಜಿಯೋಗ್ರಾಫಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಬಂಧ ಬಂತು. ಬರೆದವನು ಮಾಂಟ್‌ಗೊಮೆರಿ. ಮುಂದೆ ಟಿಬೆಟಿಗೆ ಹೋದ ನೈನ್ ಸಿಂಗ್, 1868-69ರಲ್ಲಿ ಕಾಬೂಲಿನಿಂದ ಪಾಮೀರ್ ದಾಟಿ ಕಾಶ್ಗರ್ ಮುಟ್ಟಿದ ಮಿರ್ಜಾ ಶುಜಾ ಇವರೆಲ್ಲ ನಡೆದದ್ದು ಈ ಮುನ್ಷಿ ತೋರಿಸಿದ ಹಾದಿಯಲ್ಲಿ.

ಈ ಕೆಲಸ ಬ್ರಿಟಿಷರ ಸಾಮ್ರಾಜ್ಯಕ್ಕಾಗಿ ನಡೆಯಿತು ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ನಕ್ಷೆ ಯಾರ ಕೈಯಲ್ಲಿದೆಯೋ ನೆಲ ಅವರ ಕೈಗೆ ಹೋಗುವುದು ಸುಲಭ. ನಕ್ಷೆ ಮಾಡಿಸಿದವರಿಗೆ ಇದು ತಿಳಿದಿತ್ತು. ಕಂಬ ಹೊತ್ತವರಿಗೂ ತಿಳಿದಿತ್ತೋ ಏನೋ, ಅವರನ್ನು ಕೇಳಿದವರಿಲ್ಲ.

ನಕ್ಷೆಯಲ್ಲಿ ಏನು ಬರೆದಿಲ್ಲ ಎಂಬುದೂ ಮುಖ್ಯ. ನನ್ನ ಬಳಿಯ ಹಾಳೆಯ ಪೂರ್ವ ಭಾಗದಲ್ಲಿ ಗೆರೆಗಳು ತುಂಡು ತುಂಡಾಗುತ್ತವೆ, ಆಮೇಲೆ ಬಿಳಿ ಜಾಗ. ಅದು ಸಿಯಾಚಿನ್ ಕಡೆ. ಮೊದಲ ಸರ್ವೆಯವರು ಆ ಹಿಮನದಿಯ ಕೆಳತುದಿಯನ್ನಷ್ಟೇ ಬಲ್ಲವರಾಗಿದ್ದರು. 1909ರಲ್ಲಿ ಟಾಮ್ ಲಾಂಗ್‌ಸ್ಟಾಫ್ ಎಂಬ ವೈದ್ಯ ಸಾಲ್ಟೊರೊ ಸಾಲನ್ನು ದಾಟಿ ನೋಡಿದಾಗ, ಅದು ನಕ್ಷೆಯಲ್ಲಿ ತೋರಿಸಿದ್ದಕ್ಕಿಂತ ಎಷ್ಟೋ ಉದ್ದ ಎಂದು ತಿಳಿಯಿತು. ಅದರ ಉದ್ದ ಸುಮಾರು 76 ಕಿಲೋಮೀಟರ್.

ಅಲ್ಲಿ ಯಾರೂ ವಾಸಿಸುವುದಿಲ್ಲ, ಬಿಳಿ ಜಾಗ ಇದ್ದರೇನು ಎಂದು ನಿಮಗೆ ಅನ್ನಿಸಬಹುದು. 1949ರ ಜುಲೈಯಲ್ಲಿ ಕರಾಚಿಯಲ್ಲಿ ಭಾರತ ಮತ್ತು ಪಾಕಿಸ್ತಾನದ ಸೇನಾ ಪ್ರತಿನಿಧಿಗಳು ಕದನವಿರಾಮ ರೇಖೆಯನ್ನು ನಕ್ಷೆಯ ಮೇಲೆ ಎಳೆದಾಗ, ಎನ್‌ಜೆ 9842 ಎಂಬ ಬಿಂದುವಿನಲ್ಲಿ ನಿಲ್ಲಿಸಿದರು. ಅಲ್ಲಿಂದ ಮುಂದೆ ರೇಖೆ ಉತ್ತರಕ್ಕೆ ಹಿಮನದಿಗಳತ್ತ ಹೋಗುತ್ತದೆ ಎಂದಷ್ಟೇ ಬರೆದರು. ಅಲ್ಲಿಗೆ ಯಾರು ತಾನೇ ಹೋಗುತ್ತಾರೆ ಎಂದು ಅಂದು ಅನ್ನಿಸಿರಬೇಕು. ಆ ಅರ್ಧ ವಾಕ್ಯದ ಅರ್ಥದ ಮೇಲೆ ಎರಡು ದೇಶಗಳೂ ಜಗಳವಾಡಿದವು. 1984ರ ಏಪ್ರಿಲ್‌ನಲ್ಲಿ ಭಾರತದ ಸೇನೆ ಸಿಯಾಚಿನ್ ಏರಿತು. 2003ರ ನವೆಂಬರ್‌ನಲ್ಲಿ ಅಲ್ಲಿ ಗುಂಡಿನ ಸದ್ದು ನಿಂತಿತು. ಆದರೆ ಗುಂಡಿಗಿಂತ ಹೆಚ್ಚು ಜನರನ್ನು ಕೊಂದದ್ದು ಚಳಿ, ಹಿಮಕುಸಿತ ಮತ್ತು ಉಸಿರಾಡಲು ಸಾಲದ ಗಾಳಿ.

2016ರ ಫೆಬ್ರವರಿ 3ರಂದು ಅಲ್ಲಿ ಹಿಮ ಕುಸಿದು ಹತ್ತು ಯೋಧರು ಹೂತುಹೋದರು. ಆರು ದಿನಗಳ ಬಳಿಕ ಮಂಜಿನಡಿಯಲ್ಲಿ ಒಬ್ಬರು ಜೀವಂತವಾಗಿ ಸಿಕ್ಕರು. ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ. ಇಡೀ ಕರ್ನಾಟಕ ಅವರಿಗಾಗಿ ಪ್ರಾರ್ಥಿಸಿತು. ಮಸೀದಿ, ಮಂದಿರ, ಚರ್ಚು ಎನ್ನದೆ ಜನ ಕೈಯೆತ್ತಿದರು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು. ಅಂದು ಸಂಜೆ ನಾನು ಈ ಹಾಳೆಯನ್ನು ಬಿಚ್ಚಿ ಆ ಬಿಳಿ ಜಾಗವನ್ನು ಬಹಳ ಹೊತ್ತು ನೋಡಿದೆ. ಕಾಗದದ ಮೇಲೆ ಖಾಲಿ ಬಿಟ್ಟದ್ದಕ್ಕೆ ಬೆಲೆ ತೆತ್ತವರು ಎಲ್ಲೆಲ್ಲಿಯ ತಾಯಂದಿರೋ ಎನ್ನಿಸಿತು.

ಈಗ ನನ್ನ ತಪ್ಪಿನ ವಿಷಯ.

ಆ ಹುಡುಗನ ಪರೀಕ್ಷೆ ಮುಗಿದ ಮೇಲೆ ನಾನು ಗುಜರಿ ಅಂಗಡಿಗೆ ಹೋದೆ. ಮಗನನ್ನು ಡಿಗ್ರಿಗೆ ಸೇರಿಸಿ, ಭೂಗೋಳ ಓದಲಿ ಎಂದೆ. ತಂದೆ ತಕ್ಕಡಿ ಬದಿಗಿಟ್ಟು, ನನಗೆ ಸ್ಟೂಲು ಕೊಟ್ಟು, ಸೋಡ ತರಿಸಿದರು. ಆಮೇಲೆ ಕೇಳಿದರು: "ಮಾಷ್ಟ್ರೇ, ನೀವು ಹೇಳಿದ್ರೆ ಇಲ್ಲ ಅನ್ಲಿಕ್ಕಿಲ್ಲ. ಆದ್ರೆ ಅದನ್ನು ಓದಿ ಅವನಿಗೆ ಎಂತ ಕೆಲಸ ಸಿಗ್ತದೆ, ಅದೊಂದು ಹೇಳಿ."

ನನ್ನ ಬಳಿ ಉತ್ತರವಿರಲಿಲ್ಲ. ಹುಡುಕಿದ್ದರೆ ಸಿಗುತ್ತಿತ್ತು. ಐಟಿಐಯಲ್ಲಿ ಸರ್ವೇಯರ್ ತರಬೇತಿ ಇತ್ತು, ಪಾಲಿಟೆಕ್ನಿಕ್ ಇತ್ತು, ಭೂಮಾಪನ ಇಲಾಖೆ ಇತ್ತು, ಉಪಗ್ರಹ ಚಿತ್ರಗಳನ್ನು ಓದುವ ಹೊಸ ವಿದ್ಯೆ ಆಗಲೇ ಬಂದಿತ್ತು. ನಾನು ಕಾಲೇಜಿನ ಪುಸ್ತಕವನ್ನಷ್ಟೇ ಬಲ್ಲವನಾಗಿದ್ದೆ. "ನೋಡೋಣ" ಎಂದು ಹೇಳಿ ಎದ್ದು ಬಂದೆ. ಎರಡು ತಿಂಗಳಲ್ಲಿ ಹುಡುಗ ಗಲ್ಫಿಗೆ ಹೋದ. ಹೋಗುವ ಮುನ್ನ ಬಂದು ನಕ್ಷೆಯನ್ನು ನನ್ನಲ್ಲೇ ಇಟ್ಟುಹೋದ. "ಅಲ್ಲಿ ಇಡಲಿಕ್ಕೆ ಜಾಗ ಇರ್ಲಿಕ್ಕಿಲ್ಲ ಸರ್" ಎಂದ.

ಹಲವು ವರ್ಷಗಳ ಬಳಿಕ ರಜೆಯಲ್ಲಿ ಬಂದಾಗ ನನ್ನ ಮನೆಗೆ ಬಂದ. ಮೊದಲು ಕಟ್ಟಡದ ಕೂಲಿಯಾಗಿದ್ದನಂತೆ. ಆಮೇಲೆ ರಸ್ತೆ ಕೆಲಸದ ಸರ್ವೆ ತಂಡದಲ್ಲಿ ಪ್ರಿಸಂ ಕೋಲು ಹಿಡಿಯುವ ಕೆಲಸ. ಮರಳಿನ ಬಿಸಿಲಲ್ಲಿ ದಿನವಿಡೀ ಕೋಲು ಹಿಡಿದು ನಿಲ್ಲುವುದು, ದೂರದಲ್ಲಿ ಟೋಟಲ್ ಸ್ಟೇಷನ್ ಇಟ್ಟುಕೊಂಡ ಸರ್ವೇಯರ್ ಕೈ ಬೀಸಿದ ಕಡೆಗೆ ಸರಿಯುವುದು. ಒಂದು ದಿನ ಅಳತೆಯಲ್ಲಿ ತಪ್ಪಿದೆಯೆಂದು ಇವನೇ ಕಂಡುಹಿಡಿದು ಹೇಳಿದನಂತೆ. ಸರ್ವೇಯರ್ ಒಳ್ಳೆಯವನು, ಕೆಲಸ ಕಲಿಸಿಕೊಟ್ಟ. ಈಗ ಇವನೇ ಯಂತ್ರ ನಡೆಸುತ್ತಾನೆ. "ಆದರೆ ಸರ್ಟಿಫಿಕೇಟ್ ಇಲ್ಲ ಸರ್. ಕಾಗದದ ಮೇಲೆ ನಾನು ಈಗಲೂ ಹೆಲ್ಪರ್. ಸಂಬಳವೂ ಹೆಲ್ಪರಿನದೇ. ವರದಿಗೆ ಸಹಿ ಹಾಕುವವನು ಬೇರೆಯವನು" ಎಂದ. ನಗುತ್ತಲೇ ಹೇಳಿದ. ನನಗೆ ಶಿಲ್ಲಾ ಶಿಖರ ಏರಿದ ಆ ಖಲಾಸಿ ನೆನಪಾದ.

ಬಂಧುಗಳೇ, ನಮ್ಮ ಮಕ್ಕಳು ಕಷ್ಟಕ್ಕೆ ಹೆದರುವವರಲ್ಲ. ಕಂಬ ಹೊರುವ ಶಕ್ತಿ, ಬಿಸಿಲಲ್ಲಿ ನಿಲ್ಲುವ ತಾಳ್ಮೆ ಅವರಲ್ಲಿದೆ. ದುರ್ಬೀನಿನ ಈ ಬದಿಗೆ ಬರಲು ಬೇಕಾದ ಒಂದೆರಡು ವರ್ಷಗಳ ಓದನ್ನು ನಾವು ಅವರಿಗೆ ಕೊಡುತ್ತಿಲ್ಲ. ಸಾವಿರ ವರ್ಷಗಳ ಹಿಂದೆ ಅಲ್‌ಬಿರೂನಿ ಪಂಜಾಬಿನ ನಂದನಾ ಕೋಟೆಯ ಬಳಿ ಬೆಟ್ಟದ ಮೇಲೆ ನಿಂತು, ದಿಗಂತದ ಕೋನದಿಂದ ಭೂಮಿಯ ಅಳತೆ ಲೆಕ್ಕ ಹಾಕಿದನೆಂದು ನಾವು ಸಭೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಹೇಳೋಣ, ತಪ್ಪಿಲ್ಲ. ಆದರೆ ನಮ್ಮ ಊರಿನಲ್ಲಿ ಕೋನ ಅಳೆಯಬಲ್ಲವರು ಎಷ್ಟು ಮಂದಿ ಎಂದೂ ಎಣಿಸೋಣ.

ಇಂದು ಆ ತಂದೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿದೆ. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಗಳ ಮನೆ ಜಾಗಗಳನ್ನು ಡ್ರೋನ್‌ನಿಂದ ಅಳೆಯಲಾಗಿದೆ. 2021ರಲ್ಲಿ ಸರ್ಕಾರ ನಕ್ಷೆ ತಯಾರಿಕೆಯ ನಿಯಮಗಳನ್ನು ಸಡಿಲಿಸಿ ಭಾರತೀಯ ಕಂಪನಿಗಳಿಗೆ ಬಾಗಿಲು ತೆರೆಯಿತು. ರಸ್ತೆ, ನೀರು, ವಿದ್ಯುತ್, ಕೃಷಿ, ವಿಮೆ ಎಲ್ಲಕ್ಕೂ ನಕ್ಷೆ ಬೇಕು. ಹೆಣ್ಣುಮಕ್ಕಳು ಕಂಪ್ಯೂಟರ್ ಮುಂದೆ ಕುಳಿತು ಮಾಡಬಹುದಾದ ಕೆಲಸವೂ ಇದರಲ್ಲಿ ಬೇಕಾದಷ್ಟಿದೆ. ಅಷ್ಟು ದೂರ ಹೋಗುವುದೇ ಬೇಡ. ಪೋಡಿ, ಹದ್ದುಬಸ್ತು ಎಂದು ತಾಲೂಕು ಕಚೇರಿಗೆ ಅಲೆಯದ ಮನೆ ನಮ್ಮಲ್ಲಿ ಯಾವುದಿದೆ? ಪರವಾನಗಿ ಪಡೆದ ಭೂಮಾಪಕರಿಗಾಗಿ ಕಾಯದವರು ಯಾರಿದ್ದಾರೆ?

ಆದ್ದರಿಂದ ಈ ಸಂಸ್ಥೆಯ ಹಿರಿಯರಲ್ಲಿ ನನ್ನ ಬಿನ್ನಹ ಚಿಕ್ಕದು. ನಮ್ಮ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ವೈದ್ಯಕೀಯ, ಇಂಜಿನಿಯರಿಂಗ್ ಸಾಲಿನ ಕೆಳಗೆ ಸರ್ವೆ ಮತ್ತು ನಕ್ಷಾಶಾಸ್ತ್ರ ಎಂಬ ಒಂದು ಸಾಲನ್ನು ಸೇರಿಸಿ. ಗಲ್ಫಿನಲ್ಲಿ ಅನುಭವದಿಂದ ಕೆಲಸ ಕಲಿತು ಸರ್ಟಿಫಿಕೇಟ್ ಇಲ್ಲದೆ ಇರುವ ಹುಡುಗರ ಪಟ್ಟಿ ಮಾಡಿ, ಅವರು ಪರೀಕ್ಷೆ ಕಟ್ಟಲು ದಾರಿ ತೋರಿಸಿ. ಹಾಸ್ಟೆಲಿನ ಗೋಡೆಗೆ ನಮ್ಮ ತಾಲೂಕಿನ ಟೋಪೋಶೀಟ್ ಒಂದನ್ನು ಹಾಕಿ. ವಿದ್ಯಾರ್ಥಿಗಳೇ, ಅದರಲ್ಲಿ ಮೊದಲು ನಿಮ್ಮ ಮನೆ ಇರುವ ಗುಡ್ಡವನ್ನು ಹುಡುಕಿ. ನಿಮ್ಮ ಅಜ್ಜಿ ಹೇಳುವ ಬಾವಿ, ತೋಡು, ಕಟ್ಟೆಗಳ ಹೆಸರು ಅದರಲ್ಲಿ ಇಲ್ಲದಿದ್ದರೆ ನೀವೇ ಅಳೆದು ಬರೆಯಿರಿ.

ಈ ಹಳೆಯ ನಕ್ಷೆಯನ್ನು ನಾನು ಇಂದು ಸಂಸ್ಥೆಯ ಗ್ರಂಥಾಲಯಕ್ಕೆ ಒಪ್ಪಿಸುತ್ತಿದ್ದೇನೆ. ಇದು ನನ್ನದಲ್ಲ, ಆ ಹುಡುಗನದು. ಅವನನ್ನು ಕೇಳಿಯೇ ಕೊಡುತ್ತಿದ್ದೇನೆ. ಹಿಂಬದಿಯ ಬಟ್ಟೆಯ ಮೇಲೆ ಶಾಯಿಯಲ್ಲಿ ಅವನ ಹೆಸರು ಬರೆದಿದ್ದೇನೆ. ನಕ್ಷೆ ಬಿಚ್ಚುವವರು ಅದನ್ನು ಮೊದಲು ಓದಿ, ಆಮೇಲೆ ಮುಂಬದಿಗೆ ತಿರುಗಿಸಿ.